ಹಳೆಯ ಜೆಟ್ ವಿಮಾನ, ಮನೆಯ ಸಿಮ್ಯುಲೇಟರ್: ತಪ್ಪು ಯಾರದೆಂದು ಗುರುತಿಸಿ ಹಾರಿಸುವ ಬಗೆ

ಏರ್‌ಬಸ್ ಎ320 ಅಥವಾ ಬೋಯಿಂಗ್ 737-800ರಲ್ಲಿ ಕೈ ಪಳಗಿದವರು ಮೊದಲ ಸಲ ಬೋಯಿಂಗ್ 727ನ್ನೋ 737-200ನ್ನೋ ಮನೆಯ ಸಿಮ್ಯುಲೇಟರಿನಲ್ಲಿ ಹಾರಿಸಿದಾಗ, ಅರ್ಧ ಗಂಟೆಯೊಳಗೆ ನಾಲ್ಕೈದು ದೂರುಗಳು ಸಿದ್ಧವಾಗುತ್ತವೆ. ಥ್ರಾಟಲ್ (ಎಂಜಿನ್ನಿನ ಶಕ್ತಿಯನ್ನು ಹೆಚ್ಚು ಕಡಿಮೆ ಮಾಡುವ ಲಿವರ್) ಮುಂದೆ ತಳ್ಳಿದರೂ ಎಂಜಿನ್ ಏಳುವುದಿಲ್ಲ; ಆಟೋಪೈಲಟ್ ಬೇಕಾದ ಎತ್ತರದಲ್ಲಿ ನಿಲ್ಲದೆ ದಾಟಿಕೊಂಡು ಹೋಗುತ್ತದೆ; ಟೇಕಾಫ್‌ಗೆಂದು ಕೂರಿಸಿದ ಶಕ್ತಿಯ ಅಂಕಿ ಓಟದ ನಡುವೆಯೇ ಬದಲಾಗುತ್ತದೆ; ಹಳೆಯ ನಕ್ಷೆಯಲ್ಲಿ ಸ್ಪಷ್ಟವಾಗಿ ಮುದ್ರಿತವಾಗಿರುವ ವಿಒಆರ್ (ವಿಮಾನಕ್ಕೆ ದಿಕ್ಕು ತೋರಿಸುವ ನೆಲದ ರೇಡಿಯೋ) ಕೇಂದ್ರದ ಸಂಕೇತ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಇವುಗಳಲ್ಲಿ ಮೊದಲ ಮೂರು ವಿಮಾನದ ನಿಜವಾದ ಸ್ವಭಾವ. ನಾಲ್ಕನೆಯದು ಸಿಮ್ಯುಲೇಟರಿನೊಳಗಿನ ದತ್ತಾಂಶ ತೀರ ಹೊಸದಾಗಿರುವುದರ ಫಲ.

ಹಳೆಯ ವಿಮಾನದ ವಿಚಿತ್ರ ವರ್ತನೆಗೆ ಕಾರಣ ಮೂರು ಕಡೆಗಳಲ್ಲಿ ಇರಬಹುದು: ವಿಮಾನದಲ್ಲಿ, ಸಿಮ್ಯುಲೇಟರಿನಲ್ಲಿ, ಅಥವಾ ನಮ್ಮ ಮೇಜಿನ ಮೇಲಿರುವ ಜಾಯ್‌ಸ್ಟಿಕ್ ಮತ್ತು ಅದರ ಹೊಂದಾಣಿಕೆಯಲ್ಲಿ. ಇದನ್ನು ಮೊದಲು ವಿಂಗಡಿಸದೆ ಪರಿಹಾರಕ್ಕೆ ಕೈಹಾಕಿದರೆ ಒಂದು ತಪ್ಪನ್ನು ಇನ್ನೊಂದರಿಂದ ಮುಚ್ಚಿದಂತಾಗುತ್ತದೆ. ಎಂಜಿನ್ ನಿಧಾನವೆಂದು ಥ್ರಾಟಲಿನ ಸಂವೇದನೆಯನ್ನು ಹೆಚ್ಚಿಸಿಕೊಂಡವರನ್ನು ಕಂಡಿದ್ದೇನೆ. ಅದರಿಂದ ಎಂಜಿನ್ ಬೇಗ ಏಳಲಿಲ್ಲ, ಆದರೆ ಸೂಕ್ಷ್ಮವಾಗಿ ಶಕ್ತಿಯನ್ನು ಹೊಂದಿಸುವ ಅವಕಾಶ ಮಾತ್ರ ಕೈತಪ್ಪಿತು.

ಆದ್ದರಿಂದ ಹಾರುವ ಮುನ್ನ ನಮ್ಮ ಕಡೆಯ ದೋಷಗಳನ್ನು ತೆಗೆದುಹಾಕಬೇಕು. ರಡ್ಡರನ್ನು (ಬಾಲದ ಚುಕ್ಕಾಣಿಯನ್ನು) ತಾನಾಗಿ ಚಲಾಯಿಸುವ ಆಯ್ಕೆಯೂ ಸೇರಿದಂತೆ ಸಿಮ್ಯುಲೇಟರಿನ ಎಲ್ಲ ಸಹಾಯಕ ಆಯ್ಕೆಗಳನ್ನು ಆಫ್ ಮಾಡಿ, ಏಕೆಂದರೆ ಅವು ವಿಮಾನದ ‘ಯಾ ಡ್ಯಾಂಪರ್’ ಎಂಬ, ಬಾಲದ ತೂಗಾಟ ಅಡಗಿಸುವ ಸಾಧನದ ಕೆಲಸದೊಡನೆ ಬೆರೆತು ಯಾವುದು ಯಾರ ಕೆಲಸವೆಂದು ತಿಳಿಯದಂತೆ ಮಾಡುತ್ತವೆ. ಜಾಯ್‌ಸ್ಟಿಕ್ಕಿನ ನಡುವೆ ಶೇಕಡ ಮೂರರಿಂದ ಐದರಷ್ಟು ನಿಷ್ಕ್ರಿಯ ವಲಯವನ್ನು ಇಡಿ. ಪ್ರತಿ ಎಂಜಿನ್ನಿಗೂ ಪ್ರತ್ಯೇಕ ಥ್ರಾಟಲ್ ಅಕ್ಷವನ್ನು ಜೋಡಿಸಲು ಸಾಧ್ಯವಿದ್ದರೆ ಖಂಡಿತ ಜೋಡಿಸಿ. ಅದರ ಕಾರಣ ಮುಂದೆ ತಿಳಿಯುತ್ತದೆ. ಫ್ರೇಮ್ ದರದ ಮೇಲೂ ಕಣ್ಣಿರಲಿ. ಎಕ್ಸ್-ಪ್ಲೇನ್ 11ರಲ್ಲಿ ಸೆಕೆಂಡಿಗೆ ಸುಮಾರು 20 ಫ್ರೇಮ್‌ಗಿಂತ ಕೆಳಗಿಳಿದರೆ ಸಿಮ್ಯುಲೇಟರ್ ಕಾಲವನ್ನೇ ನಿಧಾನಗೊಳಿಸುತ್ತದೆ. ಆಗ ಗಡಿಯಾರ ಹಿಡಿದು ದಾರಿ ಲೆಕ್ಕ ಹಾಕುವವರ ಲೆಕ್ಕವೆಲ್ಲ ತಪ್ಪುತ್ತದೆ.

ಎಂಜಿನ್ ಏಳುವ ಹೊತ್ತು

ಹಳೆಯ ಜೆಟ್‌ಗಳ ಸ್ವಭಾವಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದು. 727, 737-200 ಮತ್ತು ಡಿಸಿ-9 ವಿಮಾನಗಳಲ್ಲಿರುವ ಪ್ರ್ಯಾಟ್ ಆ್ಯಂಡ್ ವಿಟ್ನಿ ಜೆಟಿ8ಡಿ ಎಂಜಿನ್ ಐಡಲ್‌ನಿಂದ (ಥ್ರಾಟಲ್ ಪೂರ್ತಿ ಹಿಂದಿರುವಾಗಿನ ಕನಿಷ್ಠ ಶಕ್ತಿಯಿಂದ) ಪೂರ್ಣ ಶಕ್ತಿಗೆ ಬರಲು ಆರರಿಂದ ಎಂಟು ಸೆಕೆಂಡು ತೆಗೆದುಕೊಳ್ಳುತ್ತದೆ. ಅದರಲ್ಲಿಯೂ ಹೆಚ್ಚಿನ ಕಾಲ ಆರಂಭದಲ್ಲಿಯೇ ಕಳೆಯುತ್ತದೆ: ಮೊದಲ ಮೂರು ನಾಲ್ಕು ಸೆಕೆಂಡು ಏನೂ ಆಗದಂತೆ ಕಂಡು, ಬಳಿಕ ಶಕ್ತಿಯೆಲ್ಲ ಒಟ್ಟಿಗೆ ಬಂದು ಬೀಳುತ್ತದೆ. ಥ್ರಾಟಲನ್ನು ಅರ್ಧಕ್ಕೆ ತಳ್ಳಿ, ಫಲ ಕಾಣದೆ ಇನ್ನಷ್ಟು ತಳ್ಳಿ, ಆಮೇಲೆ ಶಕ್ತಿ ಹೆಚ್ಚಾಯಿತೆಂದು ಪೂರ್ತಿ ಹಿಂದಕ್ಕೆಳೆಯುವುದು ಹೊಸಬರೆಲ್ಲರೂ ಮಾಡುವ ತಪ್ಪು. ಹಾಗೆ ಎಳೆದ ಕ್ಷಣದಿಂದ ಎಂಜಿನ್ ಮತ್ತೆ ಐಡಲಿನ ಕಡೆಗೆ ಇಳಿಯುತ್ತದೆ, ಆಟ ಮೊದಲಿನಿಂದ ಶುರುವಾಗುತ್ತದೆ.

ಈ ಸ್ವಭಾವದ ಬೆಲೆಯನ್ನು ನಿಜ ಪ್ರಪಂಚ ಬೇಗನೆ ತೆತ್ತಿತು. 1965ರ ನವೆಂಬರ್ 11ರಂದು ಸಾಲ್ಟ್ ಲೇಕ್ ಸಿಟಿಯಲ್ಲಿ ಇಳಿಯುತ್ತಿದ್ದ ಯುನೈಟೆಡ್ ಏರ್‌ಲೈನ್ಸ್‌ನ 727 ನಿಮಿಷಕ್ಕೆ ಎರಡು ಸಾವಿರ ಅಡಿಗೂ ಹೆಚ್ಚಿನ ವೇಗದಲ್ಲಿ ಕೆಳಗಿಳಿಯುತ್ತಿತ್ತು. ಶಕ್ತಿಯನ್ನು ಕೇಳುವಾಗ ತಡವಾಗಿತ್ತು. ವಿಮಾನ ರನ್‌ವೇಗೆ ಮೊದಲೇ ನೆಲಕ್ಕಪ್ಪಳಿಸಿತು, 91 ಜನರಲ್ಲಿ 43 ಮಂದಿ ಸತ್ತರು. ಎ320ರ ಅಭ್ಯಾಸದಲ್ಲಿರುವವರು ಎತ್ತರ ಉಳಿದುಹೋಯಿತೆಂದು ಥ್ರಾಟಲ್ ಮುಚ್ಚಿ ಜಾರಿಕೊಂಡು ಬರುವಾಗ ನೆನಪಿಡಬೇಕಾದ ಚಿತ್ರ ಇದು.

ಪರಿಹಾರ ಮೊದಲಿಗೆ ತಲೆಕೆಳಗಾದದ್ದೆಂದು ಅನಿಸಬಹುದು. ಎಂಜಿನ್ ಎಚ್ಚರವಾಗಿರಬೇಕಾದರೆ ವಿಮಾನಕ್ಕೆ ಎಳೆತ (ಗಾಳಿಯ ತಡೆ) ಬೇಕು. ಆದ್ದರಿಂದ ಚಕ್ರಗಳನ್ನೂ ಇಳಿಯುವ ಹಂತದ ಫ್ಲಾಪನ್ನೂ (ರೆಕ್ಕೆಯ ಹಿಂಬದಿಯ ಹಲಗೆಯನ್ನೂ) ಬೇಗ ಇಳಿಸಿ, ರನ್‌ವೇಯಿಂದ 1,000 ಅಡಿ ಎತ್ತರದಲ್ಲಿರುವಾಗಲೇ ಎಲ್ಲ ಕೆಲಸ ಮುಗಿದು, ವೇಗ ಸರಿಯಾಗಿ ನಿಂತು, ಎಂಜಿನ್ ಐಡಲ್‌ಗಿಂತ ಸಾಕಷ್ಟು ಮೇಲೆ ತಿರುಗುತ್ತಿರುವಂತೆ ನೋಡಿಕೊಳ್ಳಬೇಕು. 727ರಲ್ಲಿ 30ರ ಫ್ಲಾಪ್ ಇದಕ್ಕೆ ಸಾಕು. ಲಿವರಿನಲ್ಲಿ 40 ಇದ್ದರೂ ಅಲ್ಲಿ ಎಳೆತ ಅಪಾರ. ಅನೇಕ ಸಂಸ್ಥೆಗಳು ಅದನ್ನು ಬಳಸದಂತೆ ತಡೆದಿದ್ದುದು ಸುಮ್ಮನೆ ಅಲ್ಲ. ಒಮ್ಮೆ ಹೊಂದಿಕೊಂಡ ಮೇಲೆ ಥ್ರಾಟಲನ್ನು ಬೆರಳಿನ ಅಗಲಕ್ಕಿಂತ ಹೆಚ್ಚು ಸರಿಸಬೇಡಿ. ಸ್ವಲ್ಪ ತಳ್ಳಿ, ಮೂರು ಎಣಿಸಿ, ವೇಗ ತಿರುಗಿಕೊಂಡದ್ದು ಕಂಡಕೂಡಲೇ ತಳ್ಳಿದ್ದರಲ್ಲಿ ಅರ್ಧವನ್ನು ಹಿಂದಕ್ಕೆ ತೆಗೆಯಿರಿ. ಮೂರು ಡಿಗ್ರಿಯ ಇಳಿಜಾರಿನಲ್ಲಿ ನೆಲವೇಗದ ಐದು ಪಟ್ಟು ಇಳಿಯುವ ದರವಿರುತ್ತದೆ, ಎಂದರೆ 140 ನಾಟ್‌ಗೆ ನಿಮಿಷಕ್ಕೆ 700 ಅಡಿ. ಇಳಿಯುವ ದರದ ಸೂಜಿ ನಿಮಿಷಕ್ಕೆ 1,000 ಅಡಿಯನ್ನು ದಾಟಿ ಅಲ್ಲಿಯೇ ನಿಂತರೆ ಸರಿಪಡಿಸುವ ಹಟ ಬೇಡ, ಮೇಲಕ್ಕೇರಿ ಮತ್ತೆ ಬನ್ನಿ.

ಆಟೋಥ್ರಾಟಲ್ (ಶಕ್ತಿಯನ್ನು ತಾನಾಗಿ ಹೊಂದಿಸುವ ಸಾಧನ) ಇಲ್ಲದ ವಿಮಾನದಲ್ಲಿ ನಿಜವಾದ ಆಟೋಥ್ರಾಟಲ್ ಎಂದರೆ ಒಂದು ಚಿಕ್ಕ ನೋಟ್‌ಬುಕ್. ಒಂದು ಇಡೀ ಹಾರಾಟವನ್ನು ಇದಕ್ಕಾಗಿಯೇ ಮೀಸಲಿಡಿ. ಗಾಳಿಯಿಲ್ಲದ ಹವಾಮಾನವನ್ನು ಆರಿಸಿಕೊಂಡು, ಮಧ್ಯಮ ತೂಕದಲ್ಲಿ 10,000 ಅಡಿಯಲ್ಲಿ 250 ನಾಟ್ ವೇಗದಿಂದ ಸಮತಲವಾಗಿ ಹಾರುತ್ತ ಇಪಿಆರ್ (ಎಂಜಿನ್ ಶಕ್ತಿಯ ಅಳತೆ, ವಿವರ ಮುಂದಿದೆ), ಎನ್1 (ಎಂಜಿನ್ನಿನ ಮುಂಭಾಗದ ಫ್ಯಾನ್ ತಿರುಗುವ ವೇಗ), ಇಂಧನ ಹರಿವು ಮತ್ತು ಮೂತಿಯ ಕೋನವನ್ನು ಬರೆದುಕೊಳ್ಳಿ. ಆಮೇಲೆ ಫ್ಲಾಪಿನ ಪ್ರತಿ ಹಂತದಲ್ಲಿ ಅದರ ವೇಗಕ್ಕೆ ಎಷ್ಟು, ಚಕ್ರ ಇಳಿಸಿ ಇಳಿಜಾರಿನಲ್ಲಿ ಬರುವಾಗ ಎಷ್ಟು ಎಂದು ಬರೆಯುತ್ತ ಹೋಗಿ. ಹಗುರ ಮತ್ತು ಭಾರದ ತೂಕಗಳಲ್ಲಿ ಇದನ್ನೇ ಇನ್ನೆರಡು ಸಲ ಮಾಡಿದರೆ, ಮುಂದೆ ಶಕ್ತಿಯನ್ನು ಹುಡುಕಿಕೊಂಡು ಥ್ರಾಟಲನ್ನು ಅತ್ತಿತ್ತ ಆಡಿಸುವ ಕೆಲಸ ಉಳಿಯುವುದಿಲ್ಲ. ಅಂಕಿಯನ್ನು ಕೂರಿಸಿ ಕಾಯುವುದಷ್ಟೇ ಉಳಿಯುತ್ತದೆ. ಈ ಅಂಕಿಗಳನ್ನು ಬೇರೆಯವರಿಂದ ಪಡೆದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಒಂದೇ ವಿಮಾನದ ಎರಡು ತಯಾರಕರ ಮಾದರಿಗಳು ಸಿಮ್ಯುಲೇಟರಿನಲ್ಲಿ ಒಂದೇ ರೀತಿ ಹಾರುವುದಿಲ್ಲ.

ಇಪಿಆರ್ ಎಂಬ ಚಂಚಲ ಅಂಕಿ

ಇಂದಿನ ಎಂಜಿನ್‌ಗಳಲ್ಲಿ ಗಣಕವೊಂದು ಶಕ್ತಿಯನ್ನು ಕಾಯುತ್ತದೆ. ಜೆಟಿ8ಡಿ ಅಥವಾ 707ರ ಜೆಟಿ3ಡಿಯಲ್ಲಿ ಅದು ಇಲ್ಲ. ಯಾಂತ್ರಿಕ ಇಂಧನ ನಿಯಂತ್ರಕ ತನಗೆ ತಿಳಿದಂತೆ ಇಂಧನ ಕೊಡುತ್ತದೆ, ಉಳಿದದ್ದು ಪೈಲಟ್‌ಗೆ ಬಿಟ್ಟದ್ದು. ಇಪಿಆರ್ ಎಂದರೆ ಎಂಜಿನ್ನಿನಿಂದ ಹೊರಬರುವ ಗಾಳಿಯ ಒತ್ತಡಕ್ಕೂ ಒಳಹೋಗುವ ಗಾಳಿಯ ಒತ್ತಡಕ್ಕೂ ಇರುವ ಅನುಪಾತ. ಉಷ್ಣತೆ ಮತ್ತು ಎತ್ತರಕ್ಕೆ ತಕ್ಕ ಅಂಕಿಯನ್ನು ಕೋಷ್ಟಕದಿಂದ ತೆಗೆದುಕೊಂಡು ಅದಕ್ಕೆ ಸೂಜಿಯನ್ನು ತರಬೇಕು. ಓಟದಲ್ಲಿ ವೇಗ ಹೆಚ್ಚಿದಂತೆಯೂ ಏರುವಾಗ ಎತ್ತರ ಹೆಚ್ಚಿದಂತೆಯೂ ಥ್ರಾಟಲ್ ಕದಲದಿದ್ದರೂ ಸೂಜಿ ಕದಲುತ್ತದೆ, ಇದು ದೋಷವಲ್ಲ. ಏರುವಾಗ ಪ್ರತಿ ನಾಲ್ಕೈದು ಸಾವಿರ ಅಡಿಗೊಮ್ಮೆ ಕೋಷ್ಟಕ ನೋಡಿ ಮತ್ತೆ ಹೊಂದಿಸುವುದು ಆ ಕಾಲದ ದಿನನಿತ್ಯದ ಕೆಲಸವಾಗಿತ್ತು.

ಟೇಕಾಫ್‌ನಲ್ಲಿ ಥ್ರಾಟಲನ್ನು ಒಂದೇ ಸಲ ತಳ್ಳಬಾರದು. ಮೊದಲು ಎಲ್ಲ ಎಂಜಿನ್‌ಗಳನ್ನೂ ಸುಮಾರು 1.4ರ ಇಪಿಆರ್‌ಗೆ ತಂದು, ಎಲ್ಲವೂ ಒಂದೇ ಮಟ್ಟದಲ್ಲಿ ನಿಂತಮೇಲೆ ಉಳಿದದ್ದನ್ನು ಕೊಡಿ. 60ರಿಂದ 80 ನಾಟ್ ಆಗುವಷ್ಟರಲ್ಲಿ ಅಂತಿಮ ಅಂಕಿ ಕೂತಿರಬೇಕು. ಎರಡು ಎಂಜಿನ್‌ಗಳು ಐಡಲ್‌ನಿಂದ ಒಂದೇ ಗತಿಯಲ್ಲಿ ಏಳುವುದಿಲ್ಲವಾದ್ದರಿಂದ ಈ ನಡುವಿನ ನಿಲುಗಡೆಯನ್ನು ಬಿಟ್ಟರೆ ಮೂತಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಜಾಯ್‌ಸ್ಟಿಕ್ ಕೆಟ್ಟಿದೆಯೆಂದು ಅನೇಕರು ಭಾವಿಸುವುದು ಇಲ್ಲಿಯೇ. ಪರೀಕ್ಷೆ ಸುಲಭ: ಅದೇ ಥ್ರಾಟಲಿನಿಂದ ಹೊಸ ಕಾಲದ ವಿಮಾನವೊಂದನ್ನು ಓಡಿಸಿ ನೋಡಿ, ಅದು ನೆಟ್ಟಗೆ ಓಡಿದರೆ ಎಳೆತ ಹಳೆಯ ವಿಮಾನದ್ದು. ಒಂದೇ ಇಪಿಆರ್ ಬರಬೇಕಾದರೆ ಲಿವರ್‌ಗಳು ಸ್ವಲ್ಪ ಹಿಂದೆ ಮುಂದೆ ಇರಬೇಕಾಗಬಹುದು. ಪ್ರತ್ಯೇಕ ಅಕ್ಷಗಳು ಬೇಕೆಂದು ಮೊದಲೇ ಹೇಳಿದ್ದು ಈ ಕಾರಣಕ್ಕೆ.

ಇಪಿಆರ್ ಸುಳ್ಳನ್ನೂ ಹೇಳಬಲ್ಲದು. ಎಂಜಿನ್ನಿನ ಮುಂಭಾಗದ ಒತ್ತಡವನ್ನು ಅಳೆಯುವ ನಳಿಕೆ ಹಿಮದಿಂದ ಮುಚ್ಚಿಕೊಂಡರೆ ಅಂಕಿ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. 1982ರ ಜನವರಿ 13ರಂದು ವಾಷಿಂಗ್ಟನ್‌ನಿಂದ ಹೊರಟ ಏರ್ ಫ್ಲಾರಿಡಾದ 737-200ರಲ್ಲಿ ಎಂಜಿನ್ನಿನ ಹಿಮನಿವಾರಕ ಆಫ್ ಆಗಿತ್ತು; ಸೂಜಿ 2.04 ತೋರಿಸುತ್ತಿದ್ದಾಗ ನಿಜವಾದ ಶಕ್ತಿ ಸುಮಾರು 1.70ರದಾಗಿತ್ತು. ವಿಮಾನ ಪೊಟೊಮ್ಯಾಕ್ ನದಿಗೆ ಬಿತ್ತು. ನಿಮ್ಮ ಮಾದರಿಯಲ್ಲಿ ಈ ಹಿಮದ ಲೆಕ್ಕ ಇರಲಿ, ಇಲ್ಲದಿರಲಿ, ಇಪಿಆರ್ ಕೂರಿಸಿದೊಡನೆ ಎನ್1 ಮತ್ತು ಇಂಧನ ಹರಿವು ಅದಕ್ಕೆ ತಕ್ಕಂತೆ ಇವೆಯೇ ಎಂದು ನೋಡುವ ಅಭ್ಯಾಸ ಬೆಳೆಸಿಕೊಳ್ಳಿ. ಎನ್1 ಕಡಿಮೆಯಾಗಿದ್ದು ಇಪಿಆರ್ ಮಾತ್ರ ಚೆನ್ನಾಗಿದ್ದರೆ ಎನ್1ನ್ನು ನಂಬಿ.

ಹೇಳಿದ್ದನ್ನಷ್ಟೇ ಮಾಡುವ ಆಟೋಪೈಲಟ್

ಈ ಕಾಲದ ಅನೇಕ ಆಟೋಪೈಲಟ್‌ಗಳಿಗೆ ಎತ್ತರವನ್ನು ಹಿಡಿದಿಡುವುದು ಗೊತ್ತು, ಎತ್ತರವನ್ನು ತಲುಪಿ ನಿಲ್ಲುವುದು ಗೊತ್ತಿಲ್ಲ. ಫಲಕದಲ್ಲಿ ಎತ್ತರದ ಕಿಟಕಿಯೊಂದು ಇದ್ದರೂ ಅದು ಬಹಳ ಸಲ ದೀಪ ಮತ್ತು ಶಬ್ದದಿಂದ ಎಚ್ಚರಿಸುವ ಸಾಧನ ಮಾತ್ರ; ಅದಕ್ಕೂ ಆಟೋಪೈಲಟ್‌ಗೂ ಸಂಬಂಧವಿರುವುದಿಲ್ಲ. ಬೇಕಾದ ಎತ್ತರಕ್ಕೆ 1,000 ಅಡಿ ಉಳಿದಿರುವಾಗ ಏರುವ ದರವನ್ನು ನಿಮಿಷಕ್ಕೆ 1,000 ಅಡಿಗೆ ಇಳಿಸಿ, ಕೊನೆಯ ಕೆಲವು ನೂರು ಅಡಿಗಳಲ್ಲಿ ಅದನ್ನು 500ಕ್ಕೆ ತಂದು, ದರದ ಹತ್ತನೆಯ ಒಂದು ಭಾಗದಷ್ಟು ಅಡಿ ಬಾಕಿ ಇರುವಾಗ ಎತ್ತರ ಹಿಡಿಯುವ ಸ್ವಿಚ್ ಹಾಕಬೇಕು. ಆಮೇಲೆ ಥ್ರಾಟಲನ್ನು ಮರೆಯಬಾರದು: ಏರುವಾಗಿನ ಶಕ್ತಿ ಹಾಗೆಯೇ ಉಳಿದರೆ ವೇಗದ ಮಿತಿ ಮೀರಿ ಎಚ್ಚರಿಕೆಯ ಟಕಟಕ ಸದ್ದು ಕೇಳುವುದು ನಿಶ್ಚಿತ. 727ರ ಮಿತಿ ಮ್ಯಾಕ್ 0.90 (ಶಬ್ದವೇಗದ ಶೇಕಡ 90) ಎಂಬುದು ಉದಾರವಾಗಿ ಕಂಡರೂ, ಹಗುರವಾದ ವಿಮಾನ ಅಲ್ಲಿಗೆ ತಲುಪಲು ಹೆಚ್ಚು ಹೊತ್ತು ಬೇಡ.

ಕೆಲವು ಆಟೋಪೈಲಟ್‌ಗಳಲ್ಲಿ ಮೇಲೆ ಕೆಳಗೆ ತಿರುಗಿಸುವ ಚಕ್ರ ಏರುವ ದರವನ್ನು ಹಿಡಿಯುವುದಿಲ್ಲ, ಮೂತಿಯ ಕೋನವನ್ನು ಮಾತ್ರ ಹಿಡಿಯುತ್ತದೆ. ಅದರ ಪರಿಣಾಮ ಎತ್ತರ ಹೆಚ್ಚಿದಂತೆ ತಿಳಿಯುತ್ತದೆ: ಕೋನ ಹಾಗೆಯೇ ಇದ್ದು, ಗಾಳಿ ತೆಳುವಾಗಿ, ಎಂಜಿನ್ನಿನ ಶಕ್ತಿ ಕುಂದಿ ವೇಗ ನಿಧಾನವಾಗಿ ಕರಗುತ್ತ ಹೋಗುತ್ತದೆ. ಊಟಕ್ಕೆದ್ದು ಹೋಗಿ ಬಂದವರು ವಿಮಾನ ನಡುಗುತ್ತಿರುವುದನ್ನು ಕಂಡು ತಯಾರಕರನ್ನು ಬೈಯುತ್ತಾರೆ. ಎತ್ತರದ ಪಯಣ ಸ್ಥಿರವಾಗುವವರೆಗೆ ಕುರ್ಚಿಯನ್ನು ಬಿಡದಿರುವುದೇ ಇದಕ್ಕೆ ಮದ್ದು.

ಐಎಲ್‌ಎಸ್‌ನಲ್ಲಿಯೂ (ರನ್‌ವೇಯ ಕೇಂದ್ರರೇಖೆ ಮತ್ತು ಇಳಿಜಾರನ್ನು ತೋರಿಸುವ ರೇಡಿಯೋ ವ್ಯವಸ್ಥೆಯಲ್ಲಿಯೂ) ಕ್ರಮ ತಪ್ಪಬಾರದು. 727 ಮತ್ತು 737-200ರ ಆಯ್ಕೆಗುಂಡಿಯಲ್ಲಿ ಇಳಿಜಾರನ್ನು ತಾನಾಗಿ ಹಿಡಿಯುವ ಸ್ಥಾನವೊಂದು, ಇದ್ದಲ್ಲಿಂದಲೇ ಬಲವಂತವಾಗಿ ಹಿಡಿಯುವ ಸ್ಥಾನವೊಂದು ಇರುತ್ತವೆ. ಮೊದಲನೆಯದನ್ನು ಬಳಸಿ, ಇಳಿಜಾರಿನ ಕೆಳಗಿನಿಂದ, ಎತ್ತರ ಹಿಡಿದು, ಕೇಂದ್ರರೇಖೆಗೆ 30ರಿಂದ 45 ಡಿಗ್ರಿಯ ಕೋನದಲ್ಲಿ ಬನ್ನಿ. ಎರಡನೆಯ ಸ್ಥಾನಕ್ಕೆ ತಿರುಗಿಸಿದರೆ ಆಟೋಪೈಲಟ್ ಆ ಕ್ಷಣವೇ ಸೂಜಿಯ ಬೆನ್ನು ಹತ್ತುತ್ತದೆ. ಸೂಜಿ ದೂರದಲ್ಲಿದ್ದರೆ ಮೂತಿಯನ್ನು ಒರಟಾಗಿ ಕೆಳಗೆ ತಳ್ಳುತ್ತದೆ.

ಆಟೋಪೈಲಟ್ ತಾನಾಗಿ ಬಿಟ್ಟುಹೋಗುವುದರಲ್ಲಿ ಮಾತ್ರ ವಿಂಗಡಣೆ ಕಷ್ಟ, ಏಕೆಂದರೆ ಅದು ವಿಮಾನದ ಸ್ವಭಾವವೂ ಆಗಿರಬಹುದು, ನಮ್ಮ ಜಾಯ್‌ಸ್ಟಿಕ್ಕಿನ ಕಂಪನವೂ ಆಗಿರಬಹುದು. 1972ರ ಡಿಸೆಂಬರ್ 29ರಂದು ಫ್ಲಾರಿಡಾದ ಎವರ್‌ಗ್ಲೇಡ್ಸ್ ಜವುಗಿಗೆ ಬಿದ್ದ ಈಸ್ಟರ್ನ್ ಏರ್‌ಲೈನ್ಸ್‌ನ ಲಾಕ್‌ಹೀಡ್ ಟ್ರೈಸ್ಟಾರ್‌ನಲ್ಲಿ, ಸುಟ್ಟುಹೋದ ದೀಪವೊಂದರ ಕಡೆಗೆ ಎಲ್ಲರ ಗಮನವಿದ್ದಾಗ, ಕಂಟ್ರೋಲ್ ಕಾಲಮ್ಮಿಗೆ ತಾಗಿದ ಅಲ್ಪ ಒತ್ತಡದಿಂದ ಎತ್ತರ ಹಿಡಿಯುವ ಕ್ರಮ ಬಿಟ್ಟುಹೋಗಿತ್ತು. ಅದನ್ನು ನಿಷ್ಠೆಯಿಂದ ಅನುಕರಿಸಿದ ಮಾದರಿಯಲ್ಲಿ ಹಳತಾದ ಜಾಯ್‌ಸ್ಟಿಕ್ಕಿನ ವಿದ್ಯುತ್ ಗದ್ದಲವೂ ಅದೇ ಕೆಲಸ ಮಾಡುತ್ತದೆ. ಜಾಯ್‌ಸ್ಟಿಕ್ಕಿನ ತಂತಿ ಕಿತ್ತು ಹತ್ತು ನಿಮಿಷ ಹಾರಿಸಿ. ಆಗ ಬಿಟ್ಟುಹೋಗದಿದ್ದರೆ ನಿಷ್ಕ್ರಿಯ ವಲಯವನ್ನು ಹಿಗ್ಗಿಸಿದರೆ ಸಾಕು.

ಕಾಲವೇಗವನ್ನು ನಾಲ್ಕು ಪಟ್ಟು ಮಾಡಿದಾಗ ವಿಮಾನ ಅಲೆಯ ಮೇಲಿನ ದೋಣಿಯಂತೆ ಏರಿಳಿಯುವುದು ಸಿಮ್ಯುಲೇಟರಿನ ಕೊರತೆಯೇ ಹೊರತು ವಿಮಾನದ್ದಲ್ಲ. ತಿರುವುಗಳಲ್ಲಿ, ಏರುವಾಗ ಮತ್ತು ಇಳಿಯುವಾಗ ಸಹಜ ವೇಗಕ್ಕೆ ಮರಳಿ.

ದಾರಿ ಹುಡುಕುವುದು

ವಿಒಆರ್‌ನಿಂದ ವಿಒಆರ್‌ಗೆ ಹಾರುವ ಕಾಲದ ವಿಮಾನಕ್ಕೆ ಇಂದಿನ ದತ್ತಾಂಶ ಒಗ್ಗುವುದಿಲ್ಲ. ಉಪಗ್ರಹ ಆಧಾರಿತ ದಾರಿಗಳು ಬಂದ ಮೇಲೆ ಅನೇಕ ದೇಶಗಳು ಈ ನೆಲಕೇಂದ್ರಗಳನ್ನು ಮುಚ್ಚುತ್ತ ಬಂದಿವೆ, ಸಿಮ್ಯುಲೇಟರ್ ಆ ಬದಲಾವಣೆಯನ್ನು ಅನುಸರಿಸುತ್ತದೆ. ಹಳೆಯ ದತ್ತಾಂಶವನ್ನು ಜೋಡಿಸಿಕೊಳ್ಳಲು ಸಾಧ್ಯವಾದರೆ ಅದು ಉತ್ತಮ. ಇಲ್ಲದಿದ್ದರೆ ಕಳೆದುಹೋದ ಬಿಂದುವನ್ನು ಪಕ್ಕದಲ್ಲಿ ಇನ್ನೂ ಉಳಿದಿರುವ ಕೇಂದ್ರದ ರೇಡಿಯಲ್ (ಕೇಂದ್ರದಿಂದ ಹೊರಡುವ ದಿಕ್ಕಿನ ರೇಖೆ) ಮತ್ತು ಡಿಎಂಇ (ದೂರ ಅಳೆಯುವ ರೇಡಿಯೋ ಸಾಧನ) ದೂರದಿಂದ ಗುರುತಿಸಿಕೊಳ್ಳಬೇಕು. ಎತ್ತರದ ದಾರಿಗಳ ವಿಒಆರ್ 18,000 ಅಡಿಯ ಮೇಲೆ 130 ನಾಟಿಕಲ್ ಮೈಲಿವರೆಗೆ ನಂಬಬಹುದಾದದ್ದು. ಅದಕ್ಕಿಂತ ದೂರದಲ್ಲಿ ಸೂಜಿ ಅಲ್ಲಾಡಿದರೆ ದೂರು ಹೇಳುವಂತಿಲ್ಲ. ಡಿಎಂಇ ಓರೆ ದೂರವನ್ನು ಅಳೆಯುವುದರಿಂದ 36,000 ಅಡಿಯಲ್ಲಿ ಕೇಂದ್ರದ ನೆತ್ತಿಯ ಮೇಲಿದ್ದರೂ ಅದು ಸುಮಾರು 6 ಮೈಲಿ ತೋರಿಸುತ್ತದೆ, ಸೊನ್ನೆಗೆ ಬರುವುದೇ ಇಲ್ಲ. ನೆತ್ತಿಯನ್ನು ದಾಟುವಾಗ ಸೂಜಿ ಹುಚ್ಚಾಗಿ ಕುಣಿಯುವುದರಿಂದ, ಅದಕ್ಕೆ ಮೊದಲೇ ಆಟೋಪೈಲಟನ್ನು ದಿಕ್ಕು ಹಿಡಿಯುವ ಕ್ರಮಕ್ಕೆ ತಂದು, ದಾಟಿದ ಮೇಲೆ ಹೊಸ ಕೋರ್ಸನ್ನು ತಿರುಗಿಸಿ ಮತ್ತೆ ಜೋಡಿಸಿದರೆ ಪಯಣ ಸುಗಮ. ದಾರಿಯಿಂದ ಎಷ್ಟು ಸರಿದಿದ್ದೇವೆಂದು ತಿಳಿಯಲು ಒಂದಕ್ಕೆ ಅರವತ್ತರ ಲೆಕ್ಕ ಸಾಕು: ಕೇಂದ್ರದಿಂದ 60 ಮೈಲಿ ದೂರದಲ್ಲಿ ಒಂದು ಡಿಗ್ರಿ ಎಂದರೆ ಒಂದು ಮೈಲಿ.

ಹಳೆಯ ಸಿಮ್ಯುಲೇಟರ್‌ಗಳಲ್ಲಿ ಭೂಕಾಂತದ ದಿಕ್ಚ್ಯುತಿಯ ಕೋಷ್ಟಕವೂ ಹಳೆಯದೇ. ನಕ್ಷೆಯ ಕೋರ್ಸಿಗೂ ದಿಕ್ಸೂಚಿಗೂ ಒಂದೆರಡು ಡಿಗ್ರಿ ವ್ಯತ್ಯಾಸ ಬಂದರೆ ವಿಒಆರ್ ಸೂಜಿಯನ್ನು ಅನುಸರಿಸಿ, ದಿಕ್ಸೂಚಿಯನ್ನಲ್ಲ.

ಸಾಗರ ದಾಟುವ 747ರಂಥ ವಿಮಾನಗಳಲ್ಲಿ ಹೊರಗಿನ ಸಂಕೇತವಿಲ್ಲದೆ ತನ್ನ ಚಲನೆಯಿಂದಲೇ ಸ್ಥಾನವನ್ನು ಲೆಕ್ಕ ಹಾಕುವ ಡೆಲ್ಕೊ ಕ್ಯಾರೊಸೆಲ್ ಐಎನ್‌ಎಸ್ ಇರುತ್ತದೆ. ಇಂದಿನ ಎಫ್‌ಎಂಸಿಗೂ (ಹಾರಾಟದ ಲೆಕ್ಕ ಮಾಡುವ ಗಣಕಕ್ಕೂ) ಇದಕ್ಕೂ ಹೋಲಿಕೆ ಕಡಿಮೆ. ಇದರ ನೆನಪಿನಲ್ಲಿ ಒಂಬತ್ತು ಬಿಂದುಗಳಿಗೆ ಮಾತ್ರ ಜಾಗ, ಹೆಸರುಗಳಿಗೆ ಜಾಗವೇ ಇಲ್ಲ. ಎಲ್ಲವೂ ಅಕ್ಷಾಂಶ ರೇಖಾಂಶಗಳು. ನಿಂತ ಸ್ಥಳದ ಸ್ಥಾನವನ್ನು ಕೊಟ್ಟು ಹೊಂದಿಕೆಗೆ ಬಿಟ್ಟರೆ ಕಾಲು ಗಂಟೆಯಷ್ಟು ಹೊತ್ತು ವಿಮಾನ ಅಲುಗಬಾರದು. ಬೇಗ ಮುಗಿಸುವ ಆಯ್ಕೆ ಬಹುತೇಕ ಮಾದರಿಗಳಲ್ಲಿ ಇದೆ, ಆದರೆ ಆ ಹೊತ್ತಿನಲ್ಲಿಯೇ ಇಂಧನದ ಲೆಕ್ಕ ಮತ್ತು ವೇಗದ ಚೀಟಿಯನ್ನು ಮುಗಿಸಿಕೊಳ್ಳಬಹುದಾದ್ದರಿಂದ ನನಗೆ ಅದು ಅನಗತ್ಯವೆನಿಸುತ್ತದೆ. ಸಂಖ್ಯಾಫಲಕದ 2 ಉತ್ತರ, 8 ದಕ್ಷಿಣ, 4 ಪಶ್ಚಿಮ, 6 ಪೂರ್ವ. ತಪ್ಪುಗಳಲ್ಲಿ ಬಹುಪಾಲು ಈ ದಿಕ್ಕಿನ ಕೀಲಿಯಲ್ಲಿಯೇ ಆಗುತ್ತವೆ. ಆದ್ದರಿಂದ ತುಂಬಿಸಿದ ಮೇಲೆ ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಎಂದು ಪ್ರತಿ ಹಂತದ ದೂರವನ್ನು ಉಪಕರಣದಿಂದಲೇ ಓದಿ, ಕಾಗದದ ಲೆಕ್ಕಕ್ಕೆ ಹೋಲಿಸಿ. ಹತ್ತಾರು ಮೈಲಿಯ ವ್ಯತ್ಯಾಸ ಬಂದರೆ ಎಲ್ಲೋ ಅಂಕಿ ತಪ್ಪಿದೆ. ಹಾರುತ್ತ ನಾಲ್ಕನೆಯ ಬಿಂದುವನ್ನು ದಾಟಿದಾಗ ಮೊದಲ ಮೂರರ ಜಾಗದಲ್ಲಿ ಮುಂದಿನವನ್ನು ತುಂಬಿಸಿಕೊಳ್ಳಿ.

ತುಂಬಿಸಿದ ಮಾತ್ರಕ್ಕೆ ಆಟೋಪೈಲಟ್ ಅದನ್ನು ಅನುಸರಿಸುತ್ತದೆ ಎಂದೇನಿಲ್ಲ. 1983ರ ಸೆಪ್ಟೆಂಬರ್ 1ರಂದು ಸೋವಿಯತ್ ವಾಯುಪ್ರದೇಶದಲ್ಲಿ ಹೊಡೆದುರುಳಿಸಲ್ಪಟ್ಟ ಕೊರಿಯನ್ ಏರ್ ಲೈನ್ಸ್‌ನ 747 ದಾರಿ ತಪ್ಪಿದ್ದು, ಆಟೋಪೈಲಟ್ ಐಎನ್‌ಎಸ್‌ಗೆ ಹೊಂದಿಕೊಳ್ಳದೆ ಒಂದೇ ದಿಕ್ಕನ್ನು ಹಿಡಿದು ಸಾಗಿದ್ದರಿಂದ. ಸಿಮ್ಯುಲೇಟರಿನಲ್ಲಿ ಪರಿಣಾಮ ಅಷ್ಟು ಘೋರವಲ್ಲದಿದ್ದರೂ ತಪ್ಪು ಅದೇ. ಆಯ್ಕೆಗುಂಡಿಯನ್ನು ಐಎನ್‌ಎಸ್‌ಗೆ ತಿರುಗಿಸಿದ ಮೇಲೆ ದಾರಿಯಿಂದ ಪಕ್ಕಕ್ಕೆ ಇರುವ ದೂರ ಸೊನ್ನೆಯ ಕಡೆಗೆ ಇಳಿಯುತ್ತಿದೆಯೇ ಎಂದು ಎರಡು ನಿಮಿಷ ನೋಡುತ್ತಿರಿ.

ಬಾಲದ ತೂಗಾಟ

ಹಿಂದಕ್ಕೆ ಬಾಗಿದ ರೆಕ್ಕೆಯ ವಿಮಾನ ಎತ್ತರದಲ್ಲಿ ಬಾಲ ಬೀಸುತ್ತ ಪಕ್ಕದಿಂದ ಪಕ್ಕಕ್ಕೆ ಉರುಳುವ ಚಲನೆಗೆ ಡಚ್ ರೋಲ್ ಎಂದು ಹೆಸರು. ಯಾ ಡ್ಯಾಂಪರ್ ಅದನ್ನು ಅಡಗಿಸುತ್ತದೆ. 727ರಲ್ಲಿ ಡ್ಯಾಂಪರ್‌ಗಳ ಸ್ವಿಚ್‌ಗಳನ್ನು ಮರೆತು ಮೇಲೇರಿದವರಿಗೆ ಇದು ಹವಾಮಾನದ ದೋಷದಂತೆ ಕಾಣುತ್ತದೆ. ಒಮ್ಮೆ ಬೇಕೆಂದೇ 30,000 ಅಡಿಯಲ್ಲಿ ಆಟೋಪೈಲಟ್ ಮತ್ತು ಡ್ಯಾಂಪರ್ ಎರಡನ್ನೂ ತೆಗೆದು, ರಡ್ಡರನ್ನು ಹಗುರವಾಗಿ ಒತ್ತಿ ಬಿಟ್ಟು ನೋಡುವುದು ಒಳ್ಳೆಯ ಪಾಠ. ತೂಗಾಟ ಶುರುವಾದೊಡನೆ ರಡ್ಡರಿನಿಂದ ತಡೆಯಲು ಹೋದರೆ, ನಮ್ಮ ಕಾಲು ಸದಾ ಅರ್ಧ ಆವರ್ತ ಹಿಂದೆ ಉಳಿದು ತೂಗಾಟ ಹೆಚ್ಚುತ್ತದೆ. ಕಾಲನ್ನು ತೆಗೆದು, ಎರಡು ಮೂರು ಸಲ ತೂಗಲು ಬಿಟ್ಟು ಲಯವನ್ನು ಹಿಡಿಯಿರಿ. ಬಳಿಕ ಮೇಲೇಳುತ್ತಿರುವ ರೆಕ್ಕೆಯನ್ನು ತಡೆಯುವಂತೆ ಏಲೆರಾನನ್ನು (ವಿಮಾನವನ್ನು ಪಕ್ಕಕ್ಕೆ ವಾಲಿಸುವ ರೆಕ್ಕೆಯ ಹಲಗೆಯನ್ನು) ಒಮ್ಮೆ ದೃಢವಾಗಿ ಕೊಟ್ಟು ತಕ್ಷಣ ನಡುವಿಗೆ ತನ್ನಿ. ಒಂದೆರಡು ಸಲಕ್ಕೆ ಅಡಗುತ್ತದೆ. 1959ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್ ರಾಜ್ಯದ ಮೇಲೆ ಇದನ್ನೇ ಅಭ್ಯಾಸ ಮಾಡುತ್ತಿದ್ದ ಹೊಸ 707ರ ತೂಗಾಟ ಹದ ಮೀರಿ ಎಂಜಿನ್‌ಗಳೇ ಕಿತ್ತುಹೋದವು. ಮನೆಯ ಕುರ್ಚಿಯಲ್ಲಿ ಕುಳಿತವರಿಗೆ ಆ ಭಯವಿಲ್ಲ, ಆದ್ದರಿಂದ ಪಾಠವನ್ನು ಇಲ್ಲಿಯೇ ಕಲಿಯಬಹುದು. ಬಲವಾಗಿ ಒತ್ತಿದರೂ ತೂಗಾಟವೇ ಬರದಿದ್ದರೆ ಮಾದರಿಯನ್ನು ರೂಪಿಸಿದವರು ಅಷ್ಟು ಆಳಕ್ಕೆ ಹೋಗಿಲ್ಲವೆಂದು ತಿಳಿಯಿರಿ.

ಟಿ ಆಕಾರದ ಬಾಲವುಳ್ಳ ವಿಮಾನಗಳ ಆಳವಾದ ಸ್ಟಾಲ್ (ರೆಕ್ಕೆ ವಿಮಾನವನ್ನು ಎತ್ತಿಹಿಡಿಯಲಾರದ ಸ್ಥಿತಿ) ಅನ್ನು ಪರೀಕ್ಷಿಸುವುದರಲ್ಲಿ ಅಂಥ ಪ್ರಯೋಜನವಿಲ್ಲ, ಏಕೆಂದರೆ ಬಹುತೇಕ ಸಿಮ್ಯುಲೇಟರ್‌ಗಳು ಅದನ್ನು ನಂಬುವಂತೆ ತೋರಿಸಲಾರವು. ಅದಕ್ಕಿಂತ ರೆಕ್ಕೆಯ ಮುಂಚೂಣಿಯನ್ನು (ಕೆಳಗೆ ಬಾಗಿಸಬಹುದಾದ ಮುಂದಿನ ಅಂಚನ್ನು) ಗಮನಿಸಿ. ಬ್ರಿಟನ್ನಿನ ಟ್ರೈಡೆಂಟ್‌ನಲ್ಲಿ ಮುಂಚೂಣಿಯನ್ನು ಇಳಿಸಲು ಫ್ಲಾಪಿನದಲ್ಲದ ಬೇರೆಯೇ ಲಿವರ್ ಇತ್ತು. 1972ರ ಜೂನ್ 18ರಂದು ಸ್ಟೇನ್ಸ್ ಬಳಿ ಅದನ್ನು ಸಾಕಷ್ಟು ವೇಗ ಬರುವ ಮೊದಲೇ ಒಳಗೆಳೆದ ವಿಮಾನ ಸ್ಟಾಲ್ ಆಗಿ ಬಿದ್ದು, ಅದರಲ್ಲಿದ್ದ 118 ಮಂದಿಯೂ ಸತ್ತರು. ಅಂಥ ವಿಮಾನವನ್ನು ಹಾರಿಸುವಾಗ ಎರಡು ಲಿವರ್‌ಗಳಿಗೂ ಅಕ್ಕಪಕ್ಕದ ಬಟನ್‌ಗಳನ್ನು ಕೊಡಬೇಡಿ.

ಮೂರನೆಯ ಕುರ್ಚಿ

707, 727 ಮತ್ತು ಹಳೆಯ 747ರಲ್ಲಿ ಫ್ಲೈಟ್ ಎಂಜಿನಿಯರ್ ಒಬ್ಬರು ಇಡೀ ಗೋಡೆಯಷ್ಟು ದೊಡ್ಡ ಫಲಕವನ್ನು ನೋಡಿಕೊಳ್ಳುತ್ತಿದ್ದರು. ಒಬ್ಬರೇ ಕುಳಿತು ಎಲ್ಲವನ್ನೂ ಮೊದಲ ದಿನದಿಂದ ಮಾಡಲು ಹೊರಟರೆ ಹಾರುವುದೇ ಮರೆತುಹೋಗುತ್ತದೆ. ಮಾದರಿಯಲ್ಲಿ ಕೃತಕ ಎಂಜಿನಿಯರ್ ಇದ್ದರೆ ಹತ್ತು ಹಾರಾಟಗಳವರೆಗೆ ಅವನಿಗೆ ಬಿಡಿ, ಇಂಧನವನ್ನು ಮಾತ್ರ ನೀವು ವಹಿಸಿಕೊಳ್ಳಿ. ಟ್ಯಾಂಕ್‌ಗಳು ಎಡಬಲ ಸಮವಾಗಿ ಇಳಿಯುತ್ತಿವೆಯೇ ಎಂದು ಕಾಲು ಗಂಟೆಗೊಮ್ಮೆ ನೋಡಿ, ವ್ಯತ್ಯಾಸ ಬಂದರೆ ಕ್ರಾಸ್‌ಫೀಡ್ (ಎಡಬಲದ ಇಂಧನ ಕೊಳವೆಗಳನ್ನು ಜೋಡಿಸುವ ಕವಾಟ) ತೆರೆದು ಹೆಚ್ಚು ಇರುವ ಕಡೆಯಿಂದ ಉಣಿಸಿ. ವಿಮಾನ ಒಂದು ಪಕ್ಕಕ್ಕೆ ವಾಲುತ್ತಿದೆ ಎಂಬ ದೂರಿನ ಕಾರಣ ಬಹಳ ಸಲ ಇಲ್ಲಿಯೇ ಸಿಗುತ್ತದೆ. ಜೆನರೇಟರ್‌ಗಳನ್ನು ಒಂದಕ್ಕೊಂದು ಜೋಡಿಸುವಾಗ ಎರಡರ ಆವರ್ತನವನ್ನೂ 400 ಹರ್ಟ್ಸ್‌ಗೆ ತಂದು, ಮಿನುಗುವ ದೀಪಗಳು ಪೂರ್ತಿ ಆರಿದ ಕ್ಷಣದಲ್ಲಿ ಸ್ವಿಚ್ ಒತ್ತಬೇಕು. ಉರಿಯುತ್ತಿರುವಾಗ ಒತ್ತಿದರೆ ಜೆನರೇಟರ್ ಸಂಪರ್ಕ ಕಡಿದುಕೊಳ್ಳುತ್ತದೆ. ಒಳಗಿನ ಗಾಳಿಯ ಒತ್ತಡಕ್ಕೆ ಇಳಿಯುವ ವಿಮಾನ ನಿಲ್ದಾಣದ ಎತ್ತರವನ್ನು ಹೊರಡುವ ಮೊದಲೇ ಕೂರಿಸಿದರೆ ಉಳಿದದ್ದಕ್ಕೆ ಗಡಿಬಿಡಿಯಿಲ್ಲ.

ನೆಲ ಮುಟ್ಟುವಾಗ

ಇಳಿಯುವ ಲೆಕ್ಕವನ್ನು ಎಫ್‌ಎಂಸಿ ಮಾಡಿಕೊಡುವುದಿಲ್ಲ. ಕಳೆಯಬೇಕಾದ ಎತ್ತರವನ್ನು ಸಾವಿರಗಳಲ್ಲಿ ಎಣಿಸಿ ಮೂರರಿಂದ ಗುಣಿಸಿ, ವೇಗ ತಗ್ಗಿಸಲು ಹತ್ತು ಮೈಲಿ ಸೇರಿಸಿ: 35,000 ಅಡಿಗೆ 115 ಮೈಲಿ. ಬೆನ್ನಗಾಳಿ ಇದ್ದರೆ ಇನ್ನಷ್ಟು ಬೇಗ ಶುರುಮಾಡಿ. ಎತ್ತರ ಹೆಚ್ಚಾಗಿ ಉಳಿದಾಗ ಏನು ಮಾಡಬೇಕೆಂಬುದು ವಿಮಾನದಿಂದ ವಿಮಾನಕ್ಕೆ ಬೇರೆ. 727ರಲ್ಲಿ ಸ್ಪೀಡ್‌ಬ್ರೇಕ್ (ಎಳೆತ ಹೆಚ್ಚಿಸಲು ರೆಕ್ಕೆಯ ಮೇಲೆ ಏಳುವ ಸ್ಪಾಯ್ಲರ್) ಧಾರಾಳವಾಗಿ ಕೆಲಸ ಮಾಡುತ್ತದೆ, ಆದರೆ ಫ್ಲಾಪ್ ಇಳಿಸಿದ ಮೇಲೆ ಗಾಳಿಯಲ್ಲಿ ಅದನ್ನು ಬಳಸಬಾರದು. ಡಿಸಿ-8ರಲ್ಲಿ ಹಾರುವಾಗ ಬಳಸುವ ಸ್ಪಾಯ್ಲರ್ ಇಲ್ಲ, ಒಳಗಿನ ಎರಡು ಎಂಜಿನ್‌ಗಳ ರಿವರ್ಸರ್ (ಎಂಜಿನ್ನಿನ ಹೊರಗಾಳಿಯನ್ನು ಮುಂದಕ್ಕೆ ತಿರುಗಿಸಿ ವೇಗ ತಗ್ಗಿಸುವ ಸಾಧನ) ಅನ್ನು ಗಾಳಿಯಲ್ಲಿಯೇ ತೆರೆಯುತ್ತಾರೆ. ಅದನ್ನು ಕಂಡು ಮಾದರಿ ಕೆಟ್ಟಿದೆಯೆನ್ನಬೇಡಿ. ಫಾಕರ್ ಎಫ್28ರಲ್ಲಿ ಇದಕ್ಕೆ ತದ್ವಿರುದ್ಧ: ಬಾಲದ ತುದಿಯಲ್ಲಿ ಎರಡಾಗಿ ತೆರೆಯುವ ಏರ್‌ಬ್ರೇಕ್ ಇದೆ, ರಿವರ್ಸರ್ ಇಲ್ಲವೇ ಇಲ್ಲ. ಅದಕ್ಕೆ ರಿವರ್ಸ್ ಬಟನ್ ಹುಡುಕುತ್ತ ರನ್‌ವೇ ಮುಗಿಸಿಕೊಂಡವರಲ್ಲಿ ನಾನೂ ಒಬ್ಬ.

727ರ ಮುಖ್ಯ ಚಕ್ರಗಳು ಬಹಳ ಹಿಂದೆ ಇರುವುದರಿಂದ ಕೊನೆಯ ಕ್ಷಣದಲ್ಲಿ ಮೂತಿಯನ್ನು ಎತ್ತಿದರೆ ಚಕ್ರಗಳನ್ನೇ ನೆಲಕ್ಕೆ ಕುಟ್ಟಿದಂತಾಗುತ್ತದೆ. ಸ್ವಲ್ಪ ಬೇಗ, ಸ್ವಲ್ಪವೇ ಎತ್ತಿ, ತಾಗುವ ಮುನ್ನ ಕೈಯ ಎಳೆತವನ್ನು ಕೂದಲೆಳೆಯಷ್ಟು ಸಡಿಲಿಸಬೇಕು. 737-200ರ ರಿವರ್ಸರ್ ಬಕೆಟ್‌ಗಳು ಮೂತಿಯನ್ನು ಮೇಲಕ್ಕೆತ್ತಲು ನೋಡುತ್ತವೆ, ಬಲವಾಗಿ ಬಳಸಿದರೆ ರಡ್ಡರಿನ ಹಿಡಿತವನ್ನೂ ಕುಂದಿಸುತ್ತವೆ. ಮುಂದಿನ ಚಕ್ರ ನೆಲಕ್ಕೆ ಕೂತ ಮೇಲೆ ತೆರೆದು, ವಿಮಾನ ಪಕ್ಕಕ್ಕೆ ಸರಿಯತೊಡಗಿದರೆ ಮೊದಲು ರಿವರ್ಸ್ ತಗ್ಗಿಸಿ, ಆಮೇಲೆ ದಿಕ್ಕು ಸರಿಪಡಿಸಿ. 60 ನಾಟ್‌ಗೆ ಬರುವಷ್ಟರಲ್ಲಿ ಅದು ಐಡಲ್‌ಗೆ ಮರಳಿರಲಿ. 747ರಲ್ಲಿ ಪೈಲಟ್ ಮುಂದಿನ ಚಕ್ರಕ್ಕಿಂತ ಮುಂದೆ ಕುಳಿತಿರುವುದರಿಂದ, ತಿರುವಿನಲ್ಲಿ ತಾನು ಹುಲ್ಲಿನ ಮೇಲೆ ಬಂದೆನೆಂದು ತೋರುವವರೆಗೆ ತಿರುಗಿಸಲು ಕಾಯಬೇಕು.

ನಿಲುಗಡೆಗೆ ಬಂದು ಎಂಜಿನ್ ಆರಿಸಿದ ಮೇಲೆ ಐಎನ್‌ಎಸ್ ಅನ್ನು ತಕ್ಷಣ ಆಫ್ ಮಾಡಬೇಡಿ. ಅದು ತೋರಿಸುವ ಸ್ಥಾನವನ್ನೂ ನಕ್ಷೆಯಲ್ಲಿರುವ ಆ ನಿಲುಗಡೆಯ ಸ್ಥಾನವನ್ನೂ ನೋಟ್‌ಬುಕ್ಕಿನಲ್ಲಿ ಪಕ್ಕಪಕ್ಕ ಬರೆಯಿರಿ. ಗಂಟೆಗೆ ಒಂದೆರಡು ಮೈಲಿಯಷ್ಟು ವ್ಯತ್ಯಾಸವಿದ್ದರೆ ಅದು ವಿಮಾನದ ವಯಸ್ಸಿನದು. ಅದಕ್ಕಿಂತ ಬಹಳ ಹೆಚ್ಚಿದ್ದರೆ, ಹೊರಡುವಾಗ ಕೊಟ್ಟ ಸ್ಥಾನದ ಅಂಕಿಗಳನ್ನು ಮತ್ತೊಮ್ಮೆ ಓದಿ ನೋಡಿ.